ಸೂಪರ್‌ಕ್ರಿಟಿಕಲ್ ಸಿಒಟು ಮೆಷಿನ್ ಹಾಕಿದರೆ ನೆಲ್ಲಿ, ಅರಿಸಿನ, ರೋಸ್‌ಮರಿ ಎಲ್ಲದರಿಂದಲೂ ಆಂಟಿಆಕ್ಸಿಡೆಂಟ್ ಬರುತ್ತದಾ?

ಗುಂಡ್ಲುಪೇಟೆ ರೈತ:
ಎಲ್ಲರಿಗೂ ನಮಸ್ಕಾರ. ನಮ್ಮದು ಗುಂಡ್ಲುಪೇಟೆ ತಾಲ್ಲೂಕು. 14 ಮನೆಯವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಅರಿಸಿನ, ಚೆಂಡುಹೂವು ಮೊದಲಿಂದಲೂ ಬೆಳೆಯುತ್ತೇವೆ. ಮೂರು ವರ್ಷದ ಹಿಂದೆ ಊಟಿ ಕಡೆಯಿಂದ ರೋಸ್‌ಮರಿ ಸಸಿ ತಂದು ಮೂರು ಎಕರೆಗೆ ಹಾಕಿದೆವು. ಚೆನ್ನಾಗಿ ಬಂದಿದೆ. ವರ್ಷಕ್ಕೆ ಹೆಚ್ಚುಕಡಿಮೆ 3 ಟನ್ ಒಣ ಎಲೆ ಸಿಗುತ್ತದೆ. ಬದುವಿನ ಮೇಲೆ ನೆಲ್ಲಿ ಮರಗಳೂ ಇವೆ.

ಈಗ ಮೆಷಿನ್ ಮಾರುವವರೊಬ್ಬರು ಬಂದು ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್ (ಸಿಒಟು) ಹಾಯಿಸಿ ಗಿಡದ ಸಾರ ತೆಗೆಯುವ ಘಟಕ ಹಾಕಿ ಎನ್ನುತ್ತಿದ್ದಾರೆ. ಪುಡಿ ತುಂಬುವ ಪಾತ್ರೆ, ಅಂದರೆ ವೆಸೆಲ್, 10 ಲೀಟರ್. ಯಾವ ಗಿಡ ಹಾಕಿದರೂ ಆಂಟಿಆಕ್ಸಿಡೆಂಟ್ ಬರುತ್ತದಂತೆ, ಕೆಮಿಕಲ್ ಇಲ್ಲವಂತೆ, ವಿದೇಶಕ್ಕೆ ನೇರ ಮಾರಬಹುದಂತೆ. ಅವರು ಬರೆದುಕೊಟ್ಟ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ನೆಲ್ಲಿ ಮೊದಲು, ಅರಿಸಿನ ಎರಡನೆಯದು, ರೋಸ್‌ಮರಿ ಕೊನೆಗೆ. ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದಾರೆ. ಆದರೆ ಜಮೀನು ಅಡ ಇಡಬೇಕು. ಅದಕ್ಕೇ ಸಹಿ ಹಾಕುವ ಮುಂಚೆ ಇಲ್ಲಿ ಕೇಳುತ್ತಿದ್ದೇನೆ. ಈ ಕೆಲಸ ಕೈಯಾರೆ ಮಾಡಿದವರು ಯಾರಾದರೂ ಇದ್ದೀರಾ?

ವಾಲ್ವ್ ಮುಂದೆ 11 ವರ್ಷ:
ಅಣ್ಣ, ಸಹಿ ಹಾಕಬೇಡಿ. ಮೊದಲು ಇದನ್ನು ಓದಿ.

ನಾನು 11 ವರ್ಷ ಇಂಥದ್ದೇ ಘಟಕದಲ್ಲಿ ಶಿಫ್ಟ್ ನೋಡಿಕೊಂಡವನು. ಈ ತಂತ್ರ ನಿಜಕ್ಕೂ ಒಳ್ಳೆಯದು, ನನಗೆ ಅನ್ನ ಕೊಟ್ಟ ಕೆಲಸ. ಆದರೆ "ಯಾವ ಗಿಡ ಹಾಕಿದರೂ" ಅನ್ನುವ ಮಾತು ಸುಳ್ಳು. ನಿಮ್ಮ ರಿಪೋರ್ಟ್‌ನಲ್ಲಿ ಬರೆದಿರುವ ಸಾಲು ಸರಿಯಾಗಿ ತಲೆಕೆಳಗಾಗಿದೆ. ರೋಸ್‌ಮರಿ ಮೊದಲು ಇರಬೇಕಿತ್ತು. ನೆಲ್ಲಿ ಆ ಪಟ್ಟಿಯಲ್ಲೇ ಇರಬಾರದಿತ್ತು.

ಕಾರಣ ಹೇಳುತ್ತೇನೆ. ಕಾರ್ಬನ್ ಡೈಆಕ್ಸೈಡ್‌ಗೆ 31 ಡಿಗ್ರಿ ಬಿಸಿ ಮತ್ತು ಸುಮಾರು 74 ಬಾರ್ ಒತ್ತಡ ಒಂದು ಗಡಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಎರಡನ್ನೂ ದಾಟಿದರೆ ಅದು ಗಾಳಿಯೂ ಅಲ್ಲ, ನೀರಿನಂಥ ದ್ರವವೂ ಅಲ್ಲ. ಅದನ್ನೇ ಸೂಪರ್‌ಕ್ರಿಟಿಕಲ್ ಅನ್ನುವುದು. ಗಾಳಿಯ ಹಾಗೆ ಪುಡಿಯ ಸಂದಿಗೊಂದಿಗೆ ನುಗ್ಗುತ್ತದೆ, ದ್ರವದ ಹಾಗೆ ಕರಗಿಸಿಕೊಳ್ಳುತ್ತದೆ. ಒತ್ತಡ ಇಳಿಸಿದ ಕೂಡಲೇ ಗ್ಯಾಸ್ ಆಗಿ ಹೋಗುತ್ತದೆ, ಕರಗಿದ್ದು ಕೆಳಗೆ ಉಳಿಯುತ್ತದೆ. ಸಾರದಲ್ಲಿ ಸಾಲ್ವೆಂಟ್ (ಕರಗಿಸುವ ದ್ರವ) ವಾಸನೆ ಇರುವುದಿಲ್ಲ. ಇದಿಷ್ಟೂ ನಿಜ.

ಆದರೆ ಅದು ಎಣ್ಣೆಗೆ ಹೊಂದುವ ವಸ್ತುವನ್ನು ಮಾತ್ರ ಎತ್ತಿಕೊಳ್ಳುತ್ತದೆ. ನೀರಿಗೆ ಹೊಂದುವುದನ್ನು ಮುಟ್ಟುವುದಿಲ್ಲ. ನೆಲ್ಲಿಕಾಯಿಯ ಶಕ್ತಿ ಎಲ್ಲಿದೆ? ವಿಟಮಿನ್ ಸಿ, ಮತ್ತೆ ಆ ಒಗರು ಕೊಡುವ ಟ್ಯಾನಿನ್‌ಗಳು. ಎರಡೂ ನೀರಿನ ಮಕ್ಕಳು. ನೆಲ್ಲಿ ಪುಡಿ ಹಾಕಿ ನೀವು 300 ಬಾರ್ ಏರಿಸಿ ಮೂರು ಗಂಟೆ ಓಡಿಸಿದರೂ ಒಂದಿಷ್ಟು ಮೇಣ, ಒಂದಿಷ್ಟು ಕೊಬ್ಬು ಬರುತ್ತದೆ. ಬೇಕಾದದ್ದೆಲ್ಲ ಬುಟ್ಟಿಯಲ್ಲೇ ಉಳಿಯುತ್ತದೆ. ಕರೆಂಟ್ ಬಿಲ್ ಮಾತ್ರ ನಿಮ್ಮದು.

ಗುಂಡ್ಲುಪೇಟೆ ರೈತ:
ಸರ್, ಓದಿ ಕೈ ನಡುಗಿತು. ಹಾಗಾದರೆ ಅರಿಸಿನ? ಚೆಂಡುಹೂವು?

ವಾಲ್ವ್ ಮುಂದೆ 11 ವರ್ಷ:
ಅರಿಸಿನದಲ್ಲಿ ಎರಡು ಭಾಗ ಇದೆ. ಒಂದು ಅದರ ಎಣ್ಣೆ. ಟರ್ಮೆರೋನ್ ಅನ್ನುವ ಗುಂಪು, ಆ ಘಮ ಅದರದ್ದೇ. ಅದು ಸಿಒಟುಗೆ ಸಲೀಸಾಗಿ ಬರುತ್ತದೆ. ಇನ್ನೊಂದು ಕುರ್ಕುಮಿನ್, ಆ ಹಳದಿ. ಎಲ್ಲರೂ ದುಡ್ಡು ಕೊಡುವುದು ಅದಕ್ಕೆ. ಅದು ಬರೀ ಸಿಒಟುನಲ್ಲಿ ಕರಗುವುದು ತೀರಾ ಕಡಿಮೆ. ಜೊತೆಗೆ ಎಥನಾಲ್ (ಮದ್ಯಸಾರ) ಬೆರೆಸಬೇಕು. ಎಥನಾಲ್ ಅಂದ ಮೇಲೆ ಬೆಂಕಿಯ ಭಯ, ಅಬಕಾರಿ ಇಲಾಖೆಯ ಅನುಮತಿ, ಕೊನೆಗೆ ಅದನ್ನು ಆರಿಸಿ ತೆಗೆಯುವ ಇನ್ನೊಂದು ಉಪಕರಣ. "ಕೆಮಿಕಲ್ ಇಲ್ಲ" ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ನಾನು ಕಂಡ ಒಳ್ಳೆಯ ದಾರಿ ಏನಂದರೆ, ಮೊದಲು ಸಿಒಟುನಿಂದ ಎಣ್ಣೆ ತೆಗೆಯುವುದು. ಆಮೇಲೆ ಉಳಿದ ಪುಡಿಯನ್ನು ಎಥನಾಲ್‌ನಲ್ಲಿ ಕುರ್ಕುಮಿನ್‌ಗೆ ಕಳಿಸುವುದು. ಎಣ್ಣೆ ಹೋದ ಪುಡಿಯಿಂದ ಕುರ್ಕುಮಿನ್ ಬಿಡಿಸುವುದು ಸುಲಭ. ಆದರೆ ಅದು ಎರಡು ಕಾರ್ಖಾನೆಯ ಕೆಲಸ.

ಚೆಂಡುಹೂವಿನ ಹಳದಿ ಬಣ್ಣ ಲ್ಯೂಟಿನ್, ಅದು ಎಣ್ಣೆಗೆ ಹೊಂದುವ ಗುಂಪಿನದ್ದೇ. ತತ್ವದಲ್ಲಿ ಬರುತ್ತದೆ. ಆದರೆ ಅಣು ದೊಡ್ಡದು, ಭಾರ. ತುಂಬಾ ಜಾಸ್ತಿ ಒತ್ತಡ ಬೇಕು, ಜಾಸ್ತಿ ಗ್ಯಾಸ್ ಬೇಕು. ನಿಮ್ಮ ಕಡೆ ಹೂ ಕೊಳ್ಳುವವರು ಟನ್‌ಗಟ್ಟಲೆ ಒಣಗಿಸಿ ಹೆಕ್ಸೇನ್ ಅನ್ನುವ ಪೆಟ್ರೋಲಿಯಂ ಸಾಲ್ವೆಂಟ್‌ನಲ್ಲಿ ತೆಗೆಯುತ್ತಾರೆ. ಆ ದರಕ್ಕೆ 10 ಲೀಟರ್ ವೆಸೆಲ್ ನಿಲ್ಲುವುದಿಲ್ಲ.

ಮ್ಯೂಲ್‌ಹೈಮ್ ಕನ್ನಡಿಗ:
ನಾನು ಜರ್ಮನಿಯಲ್ಲಿದ್ದೇನೆ. ರೂರ್ ನದಿಯ ಪಕ್ಕದ ಊರು. ಈ ಕಥೆಗೂ ಈ ಊರಿಗೂ ನಂಟಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿನ ಮ್ಯಾಕ್ಸ್ ಪ್ಲಾಂಕ್ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಲ್ಲಿ ಕುರ್ಟ್ ಝೋಸೆಲ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಕಾಫಿಗೆ ಹೊಂದಿಸಿದರು. ಬೀಜವನ್ನು ಒದ್ದೆ ಮಾಡಿ, ಒತ್ತಡದ ಸಿಒಟು ಹಾಯಿಸಿ, ಕೆಫೀನ್ ಮಾತ್ರ ತೆಗೆಯುವುದು. ರುಚಿ ಕೊಡುವ ಬಹುಪಾಲು ಬೀಜದಲ್ಲೇ ಉಳಿಯುತ್ತದೆ. ಆ ಪೇಟೆಂಟ್ ಮೇಲೆ 1970ರ ದಶಕದ ಕೊನೆಗೆ ಬ್ರೆಮೆನ್‌ನಲ್ಲಿ ದೊಡ್ಡ ಘಟಕ ಬಂತು. ಆಮೇಲೆ ಬಿಯರ್‌ಗೆ ಹಾಕುವ ಹಾಪ್ಸ್, ಆಮೇಲೆ ಮಸಾಲೆ, ಮೂಲಿಕೆ.

ಗಡಿ ಕಂಡುಹಿಡಿದದ್ದು ಇನ್ನೂ ಹಳೆಯದು. 1822ರಲ್ಲಿ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್ ಬಂದೂಕಿನ ನಳಿಗೆಯೊಳಗೆ ದ್ರವ ಮತ್ತು ಒಂದು ಗುಂಡು ಹಾಕಿ ಬಾಯಿ ಮುಚ್ಚಿ ಕಾಯಿಸಿದ. ಉರುಳಿಸಿ ಕಿವಿಗೊಟ್ಟು ಕೇಳಿದ. ಒಂದು ಹಂತ ದಾಟಿದ ಮೇಲೆ ಗುಂಡು ದ್ರವಕ್ಕೆ ಬೀಳುವ ಸದ್ದೇ ಇಲ್ಲ. ದ್ರವಕ್ಕೂ ಆವಿಗೂ ನಡುವಿನ ಗೆರೆ ಅಳಿಸಿಹೋಗಿತ್ತು. ಬರೀ ಕಿವಿಯಲ್ಲಿ ಕೇಳಿ ಕಂಡುಕೊಂಡದ್ದು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಕಾರ್ಬನ್ ಡೈಆಕ್ಸೈಡ್‌ನ ಗಡಿಯನ್ನು ನಿಖರವಾಗಿ ಅಳೆದವರು ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರ್ಯೂಸ್, 1869ರಲ್ಲಿ.

ರೋಸ್‌ಮರಿ ಬಗ್ಗೆ ಒಂದು ಮಾತು. ಯುರೋಪ್ ಒಕ್ಕೂಟ 2010ರಲ್ಲಿ ರೋಸ್‌ಮರಿ ಸಾರವನ್ನು ಆಹಾರ ಕೆಡದ ಹಾಗೆ ಕಾಯುವ ವಸ್ತು ಅಂತ ಒಪ್ಪಿಕೊಂಡಿತು. ಪ್ಯಾಕೆಟ್ ಹಿಂದೆ ಇ 392 ಅಂತ ಇರುತ್ತದೆ. ಅದನ್ನು ತಯಾರಿಸುವ ದಾರಿಗಳಲ್ಲಿ ಸೂಪರ್‌ಕ್ರಿಟಿಕಲ್ ಸಿಒಟು ಹೆಸರು ನಿಯಮದಲ್ಲೇ ಇದೆ. ಅಣ್ಣನ ಹೊಲದಲ್ಲಿ ಇರುವ ಸರಿಯಾದ ಗಿಡ ಅದೇ.

ಗಾಣದ ಮನೆ:
ನಾನು ಕಡಲೆಕಾಯಿ ಎಣ್ಣೆ ಗಾಣ ನಡೆಸುತ್ತೇನೆ. ಆಂಟಿಆಕ್ಸಿಡೆಂಟ್ ಅಂದರೆ ವಯಸ್ಸಾಗದ ಹಾಗೆ ತಡೆಯುವ ಮಾತ್ರೆ ಅಂದುಕೊಂಡಿದ್ದೆ. ಆಹಾರ ಕಾಯುವುದು ಅಂದರೆ ಏನು? ನಮ್ಮ ಎಣ್ಣೆ ಮೂರು ತಿಂಗಳಿಗೆ ಕಮಟು ವಾಸನೆ ಹೊಡೆಯುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಲ್ಯಾಬ್ ಅಕ್ಕ:
ನೇರ ಸಂಬಂಧ ಇದೆ. ಎಣ್ಣೆ ಕಮಟಾಗುವುದು ಒಂದು ಸರಪಳಿ. ಗಾಳಿಯ ಆಮ್ಲಜನಕ ಎಣ್ಣೆಯ ಒಂದು ಅಣುವನ್ನು ಕೆಡಿಸುತ್ತದೆ, ಕೆಟ್ಟ ಅಣು ಪಕ್ಕದ್ದನ್ನು ಕೆಡಿಸುತ್ತದೆ, ಅದು ಇನ್ನೊಂದನ್ನು. ಆಂಟಿಆಕ್ಸಿಡೆಂಟ್ ನಡುವೆ ನಿಂತು ತನ್ನ ಹೈಡ್ರೋಜನ್ ಕೊಟ್ಟು ಸರಪಳಿ ಕಡಿಯುತ್ತದೆ. ಬಿಎಚ್‌ಎ, ಬಿಎಚ್‌ಟಿ ಅಂತ ಚಿಪ್ಸ್ ಪ್ಯಾಕೆಟ್ ಮೇಲೆ ನೋಡಿರುತ್ತೀರಿ, ಅವು ಇದೇ ಕೆಲಸಕ್ಕೆ ಮಾಡಿದ ಕೃತಕ ವಸ್ತುಗಳು.

ರೋಸ್‌ಮರಿ ಎಲೆಯಲ್ಲಿ ಈ ಕೆಲಸ ಮಾಡುವುದು ಕಾರ್ನೋಸಿಕ್ ಆಮ್ಲ. ಎಣ್ಣೆಯಲ್ಲಿ ಕರಗುತ್ತದೆ, ಅದಕ್ಕೇ ಎಣ್ಣೆ ಕಾಯಲು ಹೇಳಿ ಮಾಡಿಸಿದ ಹಾಗೆ ಇದೆ. ಅದರಲ್ಲಿ ಇನ್ನೂ ಒಂದು ಸೊಗಸಿದೆ. ಹೈಡ್ರೋಜನ್ ಕೊಟ್ಟು ಮುಗಿದ ಮೇಲೆ ಅದು ಸುಮ್ನೆ ಸಾಯುವುದಿಲ್ಲ. ಕಾರ್ನೋಸಾಲ್ ಆಗುತ್ತದೆ. ಕಾರ್ನೋಸಾಲ್ ಕೂಡ ಆಂಟಿಆಕ್ಸಿಡೆಂಟ್. ಒಬ್ಬ ಕಾವಲುಗಾರ ಹೋದರೆ ಅವನ ಮಗ ಅದೇ ಬಾಗಿಲಲ್ಲಿ ನಿಂತ ಹಾಗೆ.

ಅದೇ ಎಲೆಯಲ್ಲಿ ರೋಸ್‌ಮರಿನಿಕ್ ಆಮ್ಲ ಅಂತ ಇನ್ನೊಂದು ಇದೆ. ಅದೂ ಜೋರು. ಆದರೆ ಅದು ನೀರಿನ ಕಡೆಯದು, ಸಿಒಟುಗೆ ಬರುವುದಿಲ್ಲ. ಒಂದೇ ಎಲೆ, ಎರಡು ಆಂಟಿಆಕ್ಸಿಡೆಂಟ್, ಒಂದು ಬರುತ್ತದೆ, ಒಂದು ಬರುವುದಿಲ್ಲ. ಅದಕ್ಕೇ ನಾನು ಯಾರು ಕೇಳಿದರೂ ಗಿಡದ ಹೆಸರು ಹೇಳಬೇಡಿ, ಯಾವ ಅಣು ಬೇಕು ಅಂತ ಹೇಳಿ ಎನ್ನುತ್ತೇನೆ.

ಗುಂಡ್ಲುಪೇಟೆ ರೈತ:
ಅಕ್ಕ, ಮೆಷಿನ್‌ನವರು ಒಂದು ಪರೀಕ್ಷೆಯ ವಿಡಿಯೋ ತೋರಿಸಿದರು. ನೇರಳೆ ಬಣ್ಣದ ನೀರಿಗೆ ಸಾರ ಹಾಕಿದ ಕೂಡಲೇ ಹಳದಿ ಆಯಿತು. ಅದನ್ನು ನೋಡಿಯೇ ನಮ್ಮವರೆಲ್ಲ ಒಪ್ಪಿದ್ದು.

ಲ್ಯಾಬ್ ಅಕ್ಕ:
ಅದು ಡಿಪಿಪಿಎಚ್ ಪರೀಕ್ಷೆ. ನಾನು ಸಾವಿರ ಸಲ ಮಾಡಿದ್ದೇನೆ. ಕಡು ನೇರಳೆ ದ್ರಾವಣ, ಜಂಬುನೇರಳೆ ತಿಂದ ನಾಲಗೆಯ ಬಣ್ಣ. ಆಂಟಿಆಕ್ಸಿಡೆಂಟ್ ಬಿದ್ದರೆ ಬಣ್ಣ ಕರಗಿ ಹಳದಿಗೆ ತಿರುಗುತ್ತದೆ. 517 ನ್ಯಾನೋಮೀಟರ್ ಬೆಳಕಿನಲ್ಲಿ ಎಷ್ಟು ಕರಗಿತು ಅಂತ ಅಳೆಯುತ್ತೇವೆ.

ಪರೀಕ್ಷೆ ಸರಿಯಾದದ್ದೇ. ಆದರೆ ಏನು ಹಾಕಿದರು ಅಂತ ಕೇಳಿದಿರಾ? ನಾನೇ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ನೆಲ್ಲಿಯನ್ನು ನೀರಿನಲ್ಲಿ ನೆನೆಸಿ ಸೋಸಿದ ಸಾರ ಒಂದು ಹನಿ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಳದಿ. ಅದೇ ನೆಲ್ಲಿಯ ಸಿಒಟು ಸಾರ ಇನ್ನೊಂದಕ್ಕೆ ಬಿಟ್ಟೆ. ಅರ್ಧ ಗಂಟೆ ಕತ್ತಲಲ್ಲಿ ಇಟ್ಟು ತೆಗೆದರೂ ನೇರಳೆ ನೇರಳೆಯಾಗಿಯೇ ಇತ್ತು. ರೋಸ್‌ಮರಿಯ ಸಿಒಟು ಸಾರ ಮೂರನೆಯದಕ್ಕೆ ಬಿಟ್ಟೆ, ಅದು ನಿಧಾನಕ್ಕೆ ಕಿತ್ತಳೆಗೆ ಬಂದು ಆಮೇಲೆ ಹಳದಿ ಆಯಿತು. ಮೂರು ಸೀಸೆ ಒಂದೇ ಸ್ಟ್ಯಾಂಡ್‌ನಲ್ಲಿ. ನಿಮಗೆ ತೋರಿಸಬೇಕಿತ್ತು.

ಇನ್ನೊಂದು ಎಚ್ಚರ. ಇಂಥ ಪರೀಕ್ಷೆಯ ಅಂಕಿ ದೊಡ್ಡದಿದ್ದರೆ ತಿಂದವರಿಗೆ ಆರೋಗ್ಯ ಅಂತ ಅರ್ಥವಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓರಾಕ್ ಅಂಕಿಗಳ (ಇದೂ ಆಂಟಿಆಕ್ಸಿಡೆಂಟ್ ಶಕ್ತಿಯ ಒಂದು ಲ್ಯಾಬ್ ಅಳತೆ) ದೊಡ್ಡ ಪಟ್ಟಿಯನ್ನು ತನ್ನ ತಾಣದಲ್ಲಿ ಇಟ್ಟಿತ್ತು. ಕಂಪನಿಗಳು ಅದನ್ನು ಜಾಹೀರಾತಿಗೆ ಬಳಸಿಕೊಂಡವು. ಆ ಅಂಕಿಗೂ ದೇಹದಲ್ಲಿ ಆಗುವುದಕ್ಕೂ ಸಂಬಂಧ ತೋರಿಸಲು ಆಗುವುದಿಲ್ಲ ಅಂತ ಹೇಳಿ 2012ರಲ್ಲಿ ಇಲಾಖೆ ಪಟ್ಟಿಯನ್ನೇ ತೆಗೆಯಿತು. ನೀವು ಮಾರುವಾಗ ಕೇಳಬೇಕಾದ ಅಂಕಿ ಒಂದೇ. ಒಂದೊಂದು ಅಣುವನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಅಳೆದ ಕಾರ್ನೋಸಿಕ್ ಆಮ್ಲ ಮತ್ತು ಕಾರ್ನೋಸಾಲ್ ನೂರಕ್ಕೆ ಎಷ್ಟು?

ಶಿರಸಿ ವೈದ್ಯೆ:
ಲ್ಯಾಬ್ ಅಕ್ಕನ ಮಾತು ಓದಿ ಖುಷಿಯಾಯಿತು. ನಮ್ಮಲ್ಲೂ ಇದೇ ವಿವೇಚನೆ ಇದೆ. ಒಂದೇ ಮೂಲಿಕೆಯನ್ನು ಕಷಾಯ ಮಾಡಿದರೆ ನೀರಿಗೆ ಬರುವುದು ಬರುತ್ತದೆ, ತೈಲ ಅಥವಾ ತುಪ್ಪದಲ್ಲಿ ಕಾಯಿಸಿದರೆ ಬೇರೆಯದು ಬರುತ್ತದೆ. ತೈಲಪಾಕದಲ್ಲಿ ಕಲ್ಕ (ಅರೆದ ಮೂಲಿಕೆಯ ಮುದ್ದೆ) ಒಂದು ಪಾಲು, ಎಣ್ಣೆ ನಾಲ್ಕು, ದ್ರವ ಹದಿನಾರು. ಮಂದ ಉರಿ. ಕಲ್ಕ ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಬೆಂಕಿಗೆ ಹಿಡಿದರೆ ಚಟಪಟ ಅನ್ನಬಾರದು. ನಮ್ಮ ಅಜ್ಜಿ ಸದ್ದು ಕೇಳಿಯೇ ಪಾತ್ರೆ ಇಳಿಸುತ್ತಿದ್ದರು. ಮ್ಯೂಲ್‌ಹೈಮ್‌ನವರು ಹೇಳಿದ ಬಂದೂಕಿನ ನಳಿಗೆಯ ಕಥೆ ಓದುವಾಗ ಅವರ ನೆನಪಾಯಿತು.

ಒಂದೇ ಕೋರಿಕೆ. ಸಿಒಟು ಸಾರವನ್ನು ಔಷಧಿ ಅಂತ ಮಾರಬೇಡಿ. ಅಶ್ವಗಂಧ, ಬ್ರಾಹ್ಮಿ ಇವುಗಳ ಸಾರ ಸಿಒಟುನಲ್ಲಿ ತೆಗೆದು ಹಳೆಯ ಹೆಸರು ಅಂಟಿಸುವವರನ್ನು ನೋಡಿದ್ದೇನೆ. ಬ್ರಾಹ್ಮಿಯ ಮುಖ್ಯ ಅಂಶವಾದ ಬ್ಯಾಕೋಸೈಡ್‌ಗಳಿಗೆ ಸಕ್ಕರೆ ಅಂಟಿಕೊಂಡಿರುತ್ತದೆ, ಹಾಗಾಗಿ ಅವು ಬರೀ ಸಿಒಟುಗೆ ಬರುವ ಪೈಕಿ ಅಲ್ಲ. ರೋಗಿ ನಂಬಿ ಕೊಳ್ಳುತ್ತಾನೆ. ಅದು ನನಗೆ ತುಂಬಾ ನೋವು ಕೊಡುವ ವಿಷಯ.

ವಾಲ್ವ್ ಮುಂದೆ 11 ವರ್ಷ:
ಡಾಕ್ಟ್ರೇ, ನಿಮ್ಮ ಮಾತಿಗೆ ನಾನೂ ಸಹಿ.

ಅಣ್ಣ, ಈಗ ರೋಸ್‌ಮರಿಯ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಆಮೇಲೆ ಲೆಕ್ಕ.

ಒಣಗಿದ ಎಲೆಯನ್ನು ರವೆಗಿಂತ ಸ್ವಲ್ಪ ದಪ್ಪ ಒಡೆಯಬೇಕು, ಅರ್ಧ ಮಿಲಿಮೀಟರ್ ಆಸುಪಾಸು. ಗೋಧಿ ಹಿಟ್ಟಿನ ಹಾಗೆ ನುಣ್ಣಗೆ ಮಾಡಿದರೆ ಕೆಡುತ್ತದೆ. ಒತ್ತಡಕ್ಕೆ ಗಟ್ಟಿ ಕೂತು ಗ್ಯಾಸ್ ಒಂದೇ ಕಡೆ ದಾರಿ ಮಾಡಿಕೊಂಡು ಹೋಗುತ್ತದೆ, ಉಳಿದ ಪುಡಿ ಮುಟ್ಟದೆ ಹಾಗೇ ಇರುತ್ತದೆ. ಪುಡಿಯನ್ನು ಬುಟ್ಟಿಗೆ ತುಂಬಿ ವೆಸೆಲ್‌ಗೆ ಇಳಿಸುತ್ತೇವೆ. ಸಿಒಟುವನ್ನು ತಣ್ಣಗೆ ಮಾಡಿ ದ್ರವವಾಗಿ ಪಂಪ್‌ಗೆ ಕೊಡಬೇಕು, ಗ್ಯಾಸ್ ಆಗಿ ಹೋದರೆ ಪಂಪ್ ಹಿಡಿಯುವುದಿಲ್ಲ. ಪಂಪ್‌ನಿಂದ ಹೀಟರ್, ಹೀಟರ್‌ನಿಂದ ವೆಸೆಲ್, ಅಲ್ಲಿಂದ ಒತ್ತಡ ಇಳಿಸುವ ವಾಲ್ವ್, ಆಮೇಲೆ ಸಾರ ಬೇರೆಯಾಗಿ ಬೀಳುವ ಸೆಪರೇಟರ್. ಸಾರ ಬಿಟ್ಟ ಗ್ಯಾಸ್ ಮತ್ತೆ ತಣ್ಣಗಾಗಿ ಪಂಪ್‌ಗೆ ಬರುತ್ತದೆ. ಸುತ್ತುತ್ತಲೇ ಇರುತ್ತದೆ. ಒಂದು ಕಿಲೋ ಎಲೆಗೆ 20ರಿಂದ 40 ಕಿಲೋ ಸಿಒಟು ಹಾಯಬೇಕು.

ಇಲ್ಲಿ ಒಂದು ವಿಚಾರ ಹೊಸಬರಿಗೆ ಅರ್ಥವಾಗಲು ಹೊತ್ತು ಬೇಕು. ಬಿಸಿ ಜಾಸ್ತಿ ಮಾಡಿದರೆ ಜಾಸ್ತಿ ಕರಗುತ್ತದೆ ಅಂದುಕೊಳ್ಳುತ್ತಾರೆ. 100 ಬಾರ್‌ನಲ್ಲಿ 40 ಡಿಗ್ರಿ ಇದ್ದಾಗ ಒಂದು ಲೀಟರ್ ಸಿಒಟು ಸುಮಾರು 630 ಗ್ರಾಂ ತೂಗುತ್ತದೆ. ಅದನ್ನೇ 60 ಡಿಗ್ರಿಗೆ ಏರಿಸಿ, 290 ಗ್ರಾಂಗೆ ಬೀಳುತ್ತದೆ. ತೆಳ್ಳಗಾದ ಗ್ಯಾಸ್‌ಗೆ ಹೊರುವ ಶಕ್ತಿ ಇರುವುದಿಲ್ಲ. 300 ಬಾರ್‌ಗೆ ಹೋದರೆ ಹಾಗಲ್ಲ. 40 ಡಿಗ್ರಿಯಲ್ಲಿ 910 ಗ್ರಾಂ, 60ರಲ್ಲೂ 830. ಅಲ್ಲಿ ಬಿಸಿ ಕೊಟ್ಟರೆ ಲಾಭ. ಒತ್ತಡ ಎಷ್ಟಿದೆ ಅಂತ ನೋಡದೆ ಹೀಟರ್ ತಿರುಗಿಸಬಾರದು.

ರೋಸ್‌ಮರಿಯನ್ನು ಎರಡು ಸಲ ಓಡಿಸುತ್ತೇವೆ. ಮೊದಲು 100 ಬಾರ್, 40 ಡಿಗ್ರಿ. ಘಮದ ಎಣ್ಣೆ ಬರುತ್ತದೆ, ಕರ್ಪೂರದ ವಾಸನೆ. ಅದನ್ನು ಬೇರೆ ಇಡುತ್ತೇವೆ. ಆಮೇಲೆ 300 ಬಾರ್. ಈಗ ಕಾರ್ನೋಸಿಕ್ ಆಮ್ಲ ಬರುತ್ತದೆ. ಸೆಪರೇಟರ್‌ನ ಕೆಳಗಿನ ವಾಲ್ವ್ ತೆರೆದಾಗ ಮೊದಲು ಬುಸ್ ಅಂತ ಸೋಡಾ ಬಾಟಲಿಯ ಹಾಗೆ ನೊರೆ. ಪೈಪಿನ ಹೊರಗೆ ಬಿಳಿ ಹಿಮ ಕಟ್ಟುತ್ತದೆ, ಬರಿ ಕೈಯಲ್ಲಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ನೊರೆ ಇಳಿದ ಮೇಲೆ ಲೇಹ್ಯದ ಹಾಗೆ ದಪ್ಪಗೆ, ಕಂದುಹಸಿರು ಮುದ್ದೆ. ಇನ್ನೊಂದು ಕಡೆ ವೆಸೆಲ್ ಮುಚ್ಚಳ ತೆಗೆದರೆ ಪುಡಿ ಬಣ್ಣಗೆಟ್ಟು ಕೂತಿರುತ್ತದೆ. ಹಿಡಿ ತುಂಬ ತೆಗೆದು ಉಜ್ಜಿ ಮೂಸಿದರೂ ವಾಸನೆ ಇಲ್ಲ, ಮರದ ಹೊಟ್ಟಿನ ಹಾಗೆ. ಆಗ ಗೊತ್ತಾಗುತ್ತದೆ ಕೆಲಸ ಆಯಿತು ಅಂತ.

ಎರಡು ಸಲ ಯಾಕೆ ಅಂದರೆ, ಎಣ್ಣೆಗೋ ಬಿಸ್ಕತ್ತಿಗೋ ಹಾಕುವವರಿಗೆ ರೋಸ್‌ಮರಿ ವಾಸನೆ ಬೇಡ. ಇ 392ರ ನಿಯಮದಲ್ಲೂ ಅದಿದೆ. ಕಾಯುವ ಅಂಶ ವಾಸನೆಯ ಅಂಶಕ್ಕಿಂತ ಕಡೇಪಕ್ಷ 15 ಪಟ್ಟು ಇರಬೇಕು. ಸಿಒಟು ಸಾರದಲ್ಲಿ ಕಾರ್ನೋಸಿಕ್ ಆಮ್ಲ, ಕಾರ್ನೋಸಾಲ್ ಸೇರಿ ನೂರಕ್ಕೆ 13ಕ್ಕಿಂತ ಕಡಿಮೆ ಇರಬಾರದು.

ಈಗ ಲೆಕ್ಕ. 10 ಲೀಟರ್ ವೆಸೆಲ್‌ಗೆ ಎಲೆ ಪುಡಿ ಹಿಡಿಯುವುದು ಮೂರೂವರೆ ಕಿಲೋ. ಸಾರ ನೂರಕ್ಕೆ ನಾಲ್ಕೈದು ಅಂದುಕೊಳ್ಳಿ. ಒಂದು ಬ್ಯಾಚಿಗೆ 150 ಗ್ರಾಂ ಹತ್ತಿರ. ತುಂಬುವುದು, ಓಡಿಸುವುದು, ಒತ್ತಡ ಇಳಿಸುವುದು, ತೊಳೆಯುವುದು ಎಲ್ಲ ಸೇರಿ ದಿನಕ್ಕೆ ಮೂರು ಬ್ಯಾಚ್ ಆದರೆ ಹೆಚ್ಚು. ಅಂದರೆ ದಿನಕ್ಕೆ ಹತ್ತೂವರೆ ಕಿಲೋ ಎಲೆ. ನಿಮ್ಮ 3 ಟನ್ ಮುಗಿಯಲು 286 ದಿನ. ಒಂದು ದಿನವೂ ಕರೆಂಟ್ ಹೋಗದೆ, ಸೀಲ್ ಸೋರದೆ. ಕೈಗೆ ಬರುವುದು ವರ್ಷಕ್ಕೆ 130 ಕಿಲೋ ಸಾರ. ಆ 130 ಕಿಲೋ ಮೇಲೆ ಸಾಲದ ಕಂತು, ಆಪರೇಟರ್ ಸಂಬಳ, ಸಿಒಟು, ಅದನ್ನು ತಣ್ಣಗೆ ಮಾಡುವ ಚಿಲ್ಲರ್‌ನ ಕರೆಂಟ್ ಎಲ್ಲವೂ ಕೂರಬೇಕು. ಅದಕ್ಕೇ ಸಹಿ ಬೇಡ ಅಂದೆ.

ಮ್ಯೂಲ್‌ಹೈಮ್ ಕನ್ನಡಿಗ:
ಈ ಲೆಕ್ಕ ನನಗೂ ಗೊತ್ತಿರಲಿಲ್ಲ. ಧನ್ಯವಾದ ಸರ್.

ತುಮಕೂರು ಕೆಮಿಸ್ಟ್ರಿ ಮೇಷ್ಟ್ರು:
ಒಂದು ಪ್ರಶ್ನೆ. ಎಥನಾಲ್‌ನಲ್ಲಿ ಎಲೆ ನೆನೆಸಿ ಸೋಸಿದರೂ ಕಾರ್ನೋಸಿಕ್ ಆಮ್ಲ ಬರುತ್ತದಲ್ವಾ? ಒಂದು ಟ್ಯಾಂಕ್, ಒಂದು ಆವಿಯಂತ್ರ ಸಾಕು. ಇಷ್ಟೊಂದು ಒತ್ತಡ ಯಾಕೆ? ಮತ್ತೆ, ಹಸಿರು ತಂತ್ರ ಅಂತ ಹೇಳಿ ಕಾರ್ಬನ್ ಡೈಆಕ್ಸೈಡ್ ಬಿಡುವುದು ಸರಿಯಾ?

ವಾಲ್ವ್ ಮುಂದೆ 11 ವರ್ಷ:
ಮೇಷ್ಟ್ರೇ, ಬರುತ್ತದೆ. ಇ 392ರಲ್ಲೇ ಎಥನಾಲ್, ಅಸಿಟೋನ್ ದಾರಿಗಳೂ ಇವೆ. ಕಡಿಮೆ ಬಂಡವಾಳಕ್ಕೆ ಅದೇ ಸರಿ. ವ್ಯತ್ಯಾಸ ಏನಂದರೆ ಎಥನಾಲ್ ಎಲೆಯ ಹಸಿರನ್ನೂ ಬಾಚಿಕೊಂಡು ಬರುತ್ತದೆ. ಆಮೇಲೆ ಅದನ್ನು ತೆಗೆಯುವುದು, ವಾಸನೆ ತೆಗೆಯುವುದು ಬೇರೆ ಕೆಲಸ. ಸಿಒಟುನಲ್ಲಿ ಒತ್ತಡ ತಿರುಗಿಸಿಯೇ ಬೇರೆ ಮಾಡಬಹುದು. ಗಿರಾಕಿ ಅದಕ್ಕೆ ಜಾಸ್ತಿ ದುಡ್ಡು ಕೊಟ್ಟರೆ ಮಾತ್ರ ಗಿಟ್ಟುತ್ತದೆ.

ಎರಡನೆಯದಕ್ಕೆ: ನಾವು ಅದಕ್ಕಾಗಿ ಏನನ್ನೂ ಸುಡುವುದಿಲ್ಲ. ಮದ್ಯದ ಹುದುಗುವಿಕೆಯಿಂದ, ಅಮೋನಿಯಾ ಕಾರ್ಖಾನೆಯಿಂದ ಹೇಗೂ ಹೊರಬರುವ ಗ್ಯಾಸ್ ಹಿಡಿದು ಶುದ್ಧ ಮಾಡಿ ಮಾರುತ್ತಾರೆ. ನಮ್ಮಲ್ಲಿ ಅದು ಸುತ್ತುತ್ತದೆ. ಮುಚ್ಚಳ ತೆಗೆಯುವಾಗ ವೆಸೆಲ್‌ನಲ್ಲಿ ಉಳಿದದ್ದು ಮಾತ್ರ ಹೋಗುತ್ತದೆ. ನಿಜವಾದ ಖರ್ಚು ಪಂಪ್ ಮತ್ತು ಚಿಲ್ಲರ್ ಎಳೆಯುವ ಕರೆಂಟ್.

ಆದರೆ ಹೋದ ಗ್ಯಾಸ್ ಬಗ್ಗೆ ಒಂದು ಹೇಳಲೇಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಸೆಪರೇಟರ್‌ಗಳನ್ನು ನೆಲಮಟ್ಟದಿಂದ ಕೆಳಗೆ ಗುಂಡಿಯಲ್ಲಿ ಇಟ್ಟಿದ್ದರು. ರಾತ್ರಿ ಪಾಳಿ. ಒಂದು ಸೀಲ್ ಸ್ವಲ್ಪ ಸೋರುತ್ತಿತ್ತು, ಯಾರಿಗೂ ಗೊತ್ತಾಗಲಿಲ್ಲ. ಹುಡುಗನೊಬ್ಬ ಬಿದ್ದ ಸ್ಪ್ಯಾನರ್ ತರಲು ಇಳಿದ. ಇಳಿದವನು ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟ. ಕರೆದರೆ ಮಾತಿಲ್ಲ. ನಾನು ಉಸಿರು ಹಿಡಿದು ಇಳಿದು ಅಂಗಿ ಕಾಲರ್ ಹಿಡಿದು ಎಳೆದೆ. ನಾನು ಮಾಡಿದ್ದೂ ತಪ್ಪು, ಮಾಸ್ಕ್ ಇಲ್ಲದೆ ಇಳಿಯಲೇಬಾರದು, ಇಬ್ಬರೂ ಹೋಗುತ್ತಿದ್ದೆವು. ಅವನು ಬದುಕಿದ. ನನಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ.

ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ. ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಎಂಟು ಗಂಟೆ ಕೆಲಸಕ್ಕೆ 5000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5000) ಮಿತಿ, ಅಂದರೆ ಗಾಳಿಯ ನೂರು ಪಾಲಿನಲ್ಲಿ ಬರೀ ಅರ್ಧ ಪಾಲು. ನೂರಕ್ಕೆ ಹತ್ತು ಆದರೆ ಕೆಲವೇ ನಿಮಿಷದಲ್ಲಿ ಎಚ್ಚರ ತಪ್ಪುತ್ತದೆ. ನೆಲದ ಹತ್ತಿರ ಅಲಾರಂ, ತಗ್ಗಿಲ್ಲದ ಕಟ್ಟಡ, ಒತ್ತಡ ಪೂರ್ತಿ ಇಳಿಯದೆ ಮುಚ್ಚಳ ತೆರೆಯದ ಹಾಗೆ ಬೀಗ. ಈ ಮೂರು ಇಲ್ಲದ ಕೋಣೆಗೆ ಯಾರನ್ನೂ ಕಳಿಸಬೇಡಿ. ನಿಮ್ಮ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಅಲಾರಂ ಅನ್ನುವ ಪದ ಇದೆಯಾ ನೋಡಿ.

ಗುಂಡ್ಲುಪೇಟೆ ರೈತ:
ಹುಡುಕಿದೆ. ಇಲ್ಲ ಸರ್. ನಕ್ಷೆಯಲ್ಲಿ ಅರಿಸಿನ ಗೋಡೌನ್ ಕೆಳಗಿನ ಕೋಣೆಯಲ್ಲಿ ಮೆಷಿನ್ ಇಡುವುದು ಅಂತ ಇದೆ.

ಶಿರಸಿ ವೈದ್ಯೆ:
ದೇವರೇ. ಒಳ್ಳೆಯದಾಯಿತು ಕೇಳಿದ್ದು.

ಗಾಣದ ಮನೆ:
ನನಗೆ ಇನ್ನೊಂದು ಅನುಮಾನ. ರೋಸ್‌ಮರಿ ಎಲೆಯನ್ನೇ ಎಣ್ಣೆ ಡಬ್ಬಕ್ಕೆ ಹಾಕಿ ಇಟ್ಟರೆ ಸಾಲದಾ? ಸಾರ ಕೊಂಡರೆ ಎಷ್ಟು ಹಾಕಬೇಕು?

ಲ್ಯಾಬ್ ಅಕ್ಕ:
ಹಸಿ ಎಲೆ ಬೇಡವೇ ಬೇಡ. ಎಲೆಯ ನೀರು ಎಣ್ಣೆಯ ತಳಕ್ಕೆ ಇಳಿಯುತ್ತದೆ. ಗಾಳಿಯಾಡದ ಜಾಗದಲ್ಲಿ ನೀರು ಇದ್ದರೆ ಬಾಟುಲಿಸಂ ಅನ್ನುವ ಪ್ರಾಣಾಪಾಯದ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಒಣ ಎಲೆ ಹಾಕಿದರೆ ಘಮ ಬರುತ್ತದೆ, ಕಾಯುವ ಅಂಶ ಎಷ್ಟು ಇಳಿಯಿತು ಅಂತ ಹೇಳಲಾಗದು.

ಸಾರ ಬಳಸುವುದು ಕಿಲೋ ಎಣ್ಣೆಗೆ ಮಿಲಿಗ್ರಾಂ ಲೆಕ್ಕದಲ್ಲಿ. ಮೊದಲು ಸ್ವಲ್ಪ ಎಣ್ಣೆಯಲ್ಲಿ ಕಲಸಿ, ಆಮೇಲೆ ದೊಡ್ಡ ಡಬ್ಬಕ್ಕೆ. ಮಾರುವ ಎಣ್ಣೆಗೆ ಹಾಕುವುದಾದರೆ ನಿಮ್ಮ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳಿ, ಲೇಬಲ್ ಮೇಲೆ ಬರೆಯಬೇಕಾಗುತ್ತದೆ. ಕೆಲಸ ಮಾಡುತ್ತದಾ ಅಂತ ನೋಡಲು ಸುಲಭದ ದಾರಿ ಇದೆ. ಎರಡು ಒಂದೇ ಥರದ ಸೀಸೆ, ಒಂದಕ್ಕೆ ಸಾರ, ಒಂದಕ್ಕೆ ಇಲ್ಲ. ಹದಿನೈದು ದಿನಕ್ಕೊಮ್ಮೆ ಎರಡರ ಪೆರಾಕ್ಸೈಡ್ ಮೌಲ್ಯ (ಎಣ್ಣೆ ಎಷ್ಟು ಕೆಡುತ್ತಿದೆ ಅಂತ ತೋರಿಸುವ ಅಂಕಿ) ತೆಗೆಸಿ. ಮತ್ತೆ ಡಬ್ಬ ಪೂರ್ತಿ ತುಂಬಿ, ಬಿಸಿಲಿಗೆ ಇಡಬೇಡಿ. ಅರ್ಧ ಖಾಲಿ ಡಬ್ಬದ ಗಾಳಿ ಮಾಡುವ ಹಾನಿ ಜಾಸ್ತಿ.

ಗುಂಡ್ಲುಪೇಟೆ ರೈತ:
ನಿನ್ನೆ ಗುಂಪಿನ ಸಭೆ ಕರೆದು ಇಲ್ಲಿ ನೀವೆಲ್ಲ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಗುಂಡಿಯ ವಿಷಯ ಓದುವಾಗ ಯಾರೂ ಮಾತಾಡಲಿಲ್ಲ. ಸಾಲದ ಅರ್ಜಿ ವಾಪಸ್ ತೆಗೆದುಕೊಂಡಿದ್ದೇವೆ. ಈಗ ನಾವು ಏನು ಮಾಡಬಹುದು, ಅದನ್ನು ಹೇಳಿ. ರೋಸ್‌ಮರಿ ಕಿತ್ತು ಹಾಕುವ ಮನಸ್ಸಿಲ್ಲ.

ವಾಲ್ವ್ ಮುಂದೆ 11 ವರ್ಷ:
ಕೀಳಬೇಡಿ ಅಣ್ಣ. ನಿಮ್ಮ ಕೈಯಲ್ಲಿ ಇರುವ ಕೆಲಸ ಎಲೆ. ಅದನ್ನು ಸರಿ ಮಾಡಿ. ಒತ್ತಡದ ಕೆಲಸ ಮೆಷಿನ್ ಇರುವವರ ಹತ್ತಿರ ಕೂಲಿಗೆ ಮಾಡಿಸಬಹುದು. ಹಾಗೆ ಮಾಡಿಕೊಡುವವರು ಇದ್ದಾರೆ.

ಮೊದಲು ಒಣಗಿಸುವುದು. ಬಿಸಿಲಿಗೆ ಹರಡಬೇಡಿ. ನೆರಳು, ಗಾಳಿ, ಅಥವಾ 40 ಡಿಗ್ರಿ ಮೀರದ ಡ್ರೈಯರ್. ತೇವ ನೂರಕ್ಕೆ ಹತ್ತರೊಳಗೆ ಬರಬೇಕು. ತೇವ ಇದ್ದ ಎಲೆ ಬಂದಾಗ ನಾವು ಪಟ್ಟ ಪಾಡು ಹೇಳತೀರದು. ಒತ್ತಡ ಇಳಿಯುವ ಜಾಗದಲ್ಲಿ ಚಳಿ ಜೋರು, ನೀರು ಅಲ್ಲೇ ಹೆಪ್ಪುಗಟ್ಟಿ ವಾಲ್ವ್ ಕಟ್ಟಿಕೊಳ್ಳುತ್ತದೆ. ಒತ್ತಡದ ಮುಳ್ಳು ಏರುತ್ತಲೇ ಹೋಗುತ್ತದೆ. ಎಲ್ಲ ನಿಲ್ಲಿಸಿ ಬಿಸಿನೀರಿನ ಬಟ್ಟೆ ಸುತ್ತಿ ಕಾಯಬೇಕು. ಕೊಂಬೆ, ಕಡ್ಡಿ ಬೇರೆ ಮಾಡಿ, ಕಾರ್ನೋಸಿಕ್ ಆಮ್ಲ ಇರುವುದು ಎಲೆಯಲ್ಲಿ.

ಪುಡಿ ಮಾಡಿ ಇಡಬೇಡಿ. ಪೂರ್ತಿ ಎಲೆಯನ್ನೇ ಕತ್ತಲಲ್ಲಿ, ಗಾಳಿಯಾಡದ ಚೀಲದಲ್ಲಿ ಇಡಿ.

ಲ್ಯಾಬ್ ಅಕ್ಕ:
ಮತ್ತೆ ಅಳೆಸಿ. ಒಣ ಎಲೆಯಲ್ಲಿ ಕಾರ್ನೋಸಿಕ್ ಆಮ್ಲ ನೂರಕ್ಕೆ ಎರಡು ಮೂರು ಇದ್ದರೆ ಕೊಳ್ಳುವವರು ಮಾತಾಡುತ್ತಾರೆ. ತಳಿ, ಕಟಾವಿನ ತಿಂಗಳು, ನೀರು ಇವೆಲ್ಲದರ ಮೇಲೆ ಇದು ಏರುಪೇರಾಗುತ್ತದೆ. ಹಾಗಾಗಿ ಒಂದೇ ಸಲ ಅಳೆಸಿ ಬಿಡಬೇಡಿ. ಪ್ರತಿ ಕಟಾವಿನಿಂದ ಕಾಲು ಕಿಲೋ ತೆಗೆದಿಟ್ಟು ತಾರೀಕು ಬರೆದು ಇಡಿ. ವರ್ಷ ಕಳೆದರೆ ಯಾವ ತಿಂಗಳ ಎಲೆ ಒಳ್ಳೆಯದು ಅಂತ ನಿಮ್ಮ ಹೊಲವೇ ಹೇಳುತ್ತದೆ.

ನಿಮಗೆ ಮೈಸೂರು ಹತ್ತಿರ, 60 ಕಿಲೋಮೀಟರ್. 1950ರಿಂದ ಇರುವ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ, ಅಲ್ಲೇ ಇದೆ. ಮಸಾಲೆಗಳ ಮೇಲೆ ಸೂಪರ್‌ಕ್ರಿಟಿಕಲ್ ಸಿಒಟು ಕೆಲಸ ಅಲ್ಲಿ ಮುಂಚಿನಿಂದಲೂ ನಡೆದಿದೆ. ಒಮ್ಮೆ ಹೋಗಿ ಮಾತಾಡಿ.

ನೆಲ್ಲಿಯನ್ನೂ ಮರೆಯಬೇಡಿ. ಅದಕ್ಕೆ ಬೇಕಾದ ಸಾಲ್ವೆಂಟ್ ನಿಮ್ಮ ಬಾವಿಯಲ್ಲೇ ಇದೆ. ರಸ ತೆಗೆಯಿರಿ, ಬೇಗ ಒಣಗಿಸಿ, ಬಾಯಿಗೆ ಹಾಕಿಕೊಳ್ಳುವ ನೆಲ್ಲಿ ಅಡಿಕೆ ಮಾಡಿ.

ಶಿರಸಿ ವೈದ್ಯೆ:
ನೆಲ್ಲಿ ಪುಡಿಗೆ ಒಳ್ಳೆಯ ಗಿರಾಕಿ ಇದ್ದೇ ಇರುತ್ತಾರೆ. ಚ್ಯವನಪ್ರಾಶ ಮಾಡುವವರಿಗೆ ಹಣ್ಣೇ ಬೇಕು. ಬೀಜ ಬಿಡಿಸಿ ನೆರಳಲ್ಲಿ ಒಣಗಿಸಿದ್ದು ಸಿಗುವುದೇ ಕಷ್ಟ ನಮಗೆ. ನಾನೇ ಮೊದಲ 20 ಕಿಲೋ ಕೊಳ್ಳುತ್ತೇನೆ.

ಗಾಣದ ಮನೆ:
ನನ್ನ ಗಾಣದಲ್ಲಿ ಎರಡು ಸೀಸೆ ಪರೀಕ್ಷೆ ಮಾಡಲು ನಾನು ತಯಾರು. ಅಣ್ಣನ ಎಲೆಯ ಸಾರವೇ ಆಗಲಿ.

ಗುಂಡ್ಲುಪೇಟೆ ರೈತ:
ಎಲ್ಲರಿಗೂ ಕೈ ಮುಗಿದೆ. ಇವತ್ತು ಬೆಳಗ್ಗೆ ಗೋಡೌನ್‌ನಲ್ಲಿ ಹೋದ ಕಟಾವಿನ ಚೀಲ ಬಿಚ್ಚಿದೆವು. ಬಿಸಿಲಿಗೆ ಒಣಗಿಸಿದ ಎಲೆ ಕಂದು ತಿರುಗಿದೆ. ಮನೆಯ ಅಟ್ಟದ ಮೇಲೆ ಅಮ್ಮ ಸೊಳ್ಳೆಪರದೆ ಹಾಸಿ ಹರಡಿದ್ದು ಮಾತ್ರ ಇನ್ನೂ ಹಸಿರಾಗಿದೆ, ಮುರಿದರೆ ಪಟ್ ಅನ್ನುತ್ತದೆ. ಎರಡನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ ತಾರೀಕು ಬರೆದಿದ್ದೇನೆ. ಸೋಮವಾರ ಬೆಳಗ್ಗೆ 6 ಗಂಟೆ ಬಸ್ಸಿಗೆ ಮೈಸೂರಿಗೆ ಹೊರಡುತ್ತೇನೆ. ಅಮ್ಮನೂ ಬರುತ್ತೇನೆ ಅಂದಿದ್ದಾರೆ. ಅಂಕಿ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.

ಲ್ಯಾಬ್ ಅಕ್ಕ:
ಪ್ಲಾಸ್ಟಿಕ್ ಕವರ್‌ನ ಹೊರಗೆ ಒಂದು ಕಪ್ಪು ಬಟ್ಟೆ ಸುತ್ತಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಇಡಬೇಡಿ. ಅಮ್ಮನ ಚೀಲದ ಅಂಕಿ ನೋಡಲು ಕಾಯುತ್ತಿದ್ದೇನೆ.